ಡಾಯ್ಲ್ ಪೊಟೀಟನ ಪಿಕಪ್ಪು ಮೂತಿ ಎತ್ತಿದ್ದು

ನಮ್ಮ ಡಾಯ್ಲ್ ಪೊಟೀಟ್ ಈ ಜನ್ಮದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವನಲ್ಲ. ಅವನಿಂದ ಏನೇ ಆಗಲಿ, ಅದು ಅವನು ಬೇಕಂತಲೇ ಮಾಡಿದ್ದು. ಅವನ ಗರಾಜಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ಮೂರು ವರ್ಷ ಮೇಲೂ ಹೋಗದೆ ಕೆಳಗೂ ಇಳಿಯದೆ ನಿಂತಾಗ, "ಒಳಗೆ ಗಾಳಿ ಆಡಲಿ ಅಂತ ಬೇಕಂತಲೇ ಹಾಗೆ ಬಿಟ್ಟಿದೀನಿ" ಎಂದ. ಬೇಲಿಗೆ ಹಸಿರು ಬಣ್ಣ ತರಲು ಹೋಗಿ ನೇರಳೆ ಡಬ್ಬಿ ತಂದು ಬಳಿದಾಗ, "ಜಿಂಕೆಗಳಿಗೆ ಈ ಬಣ್ಣ ಕಂಡರೆ ಆಗಲ್ಲ, ಬೇಕಂತಲೇ ತಂದೆ" ಎಂದ. ಜಿಂಕೆಗಳು ಬಂದವು, ಬೇಲಿಯನ್ನು ಒಂದು ಸುತ್ತು ನೋಡಿದವು, ಬೀನ್ಸ್ ಗಿಡಗಳನ್ನೆಲ್ಲ ತಿಂದು ಹೋದವು.

ನಾನು ಅವನ ಪಕ್ಕದ ಮನೆಯ ಹೋಯ್ಟ್. ಇಪ್ಪತ್ತೆಂಟು ವರ್ಷ ಪೀಚ್ ಹಣ್ಣಿನ ಲಾರಿ ಓಡಿಸಿ ನಿವೃತ್ತನಾದವನು. ಡಾಯ್ಲ್ ಮೂವತ್ತಮೂರು ವರ್ಷ ಕೌಂಟಿಯ ನೀರಿನ ಮೀಟರು ಓದಿ ನಿವೃತ್ತನಾದವನು. ಸೌತ್ ಕ್ಯಾರೊಲಿನಾದ ನಮ್ಮ ಈ ಸಣ್ಣ ಊರಿನಲ್ಲಿ ಯಾರ ಮನೆಯ ಹಿತ್ತಲಲ್ಲಿ ಯಾವ ನಾಯಿ ಕಚ್ಚುತ್ತದೆ ಎಂದು ಅವನಷ್ಟು ತಿಳಿದವರಿಲ್ಲ. ಚರ್ಚಿನಲ್ಲಿ ಅವನು ಡೀಕನ್, ಅಂದರೆ ಹಿರಿಯರ ಮಂಡಳಿಯವನು. ಹಾಗಾಗಿ ಅವನು ಮಾಡುವ ಕೆಲಸಕ್ಕೆ ಊರಿನ ಕಣ್ಣು ಸ್ವಲ್ಪ ಹೆಚ್ಚೇ ಇರುತ್ತದೆ.

ಈ ಕಥೆ ಶುರುವಾದದ್ದು ಒಂದು ಸೋಫಾದಿಂದ. ಡಾಯ್ಲ್‌ನ ಹೆಂಡತಿ ಓರ್ಲೀನಳ ಅಕ್ಕ ಮರ್ಟಿಸ್‌ಗೆ ಸರೋವರದ ದಂಡೆಯಲ್ಲಿ ಒಂದು ಮನೆ ಇದೆ. ಪ್ರತಿ ಜುಲೈ ತಿಂಗಳ ಎರಡನೇ ಶನಿವಾರ ಇಡೀ ಬಳಗ ಅಲ್ಲಿ ಸೇರುತ್ತದೆ. ಬಂದವರಿಗೆಲ್ಲ ಕೋಣೆ ಸಿಗುತ್ತದೆ, ಓರ್ಲೀನಳಿಗೆ ಮಾತ್ರ ಎಳೆದರೆ ಮಂಚವಾಗುವ ಆ ಸೋಫಾ. ಅದರ ನಟ್ಟನಡುವೆ ಒಂದು ಕಬ್ಬಿಣದ ಸರಳು ಇದೆ, ಮಲಗಿದವರ ಸೊಂಟಕ್ಕೆ ಸರಿಯಾಗಿ ಬರುತ್ತದೆ. ಮೂವತ್ತೊಂದು ವರ್ಷ ಓರ್ಲೀನ್ ಅದರ ಮೇಲೆ ಮಲಗಿದ್ದಾಳೆ, ಮೂವತ್ತೊಂದು ವರ್ಷವೂ ಎಡಕ್ಕೆ ವಾಲಿಕೊಂಡು ಊರಿಗೆ ಮರಳಿದ್ದಾಳೆ. ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ ಮರ್ಟಿಸ್ ಅಂದಳಂತೆ: "ಅದು ಅಪ್ಪಟ ಚರ್ಮದ ಸೋಫಾ ಕಣೇ. ನಿನಗೆ ಮಲಗೋಕೆ ಬರಲ್ಲ ಅಷ್ಟೆ."

ಓರ್ಲೀನ್ ಏನನ್ನೂ ಕೇಳುವವಳಲ್ಲ. ಈ ವರ್ಷ ವಸಂತದಲ್ಲಿ ಮಾತ್ರ ಪಾತ್ರೆ ಒರೆಸುತ್ತಾ ಹೇಳಿದಳು: "ಡಾಯ್ಲ್, ಒಂದೇ ಒಂದು ಸಲ ಆ ಸರೋವರದ ಹತ್ತಿರ ನನ್ನದೇ ಹಾಸಿಗೆ ಮೇಲೆ ಮಲಗಿ ಎದ್ದೇಳ್ಬೇಕು ಅಂತ ಆಸೆ."

ಡಾಯ್ಲ್ ಎರಡೇ ವಾರದಲ್ಲಿ ಒಂದು ಹಳೆಯ ಕ್ಯಾಂಪರ್ ಕೊಂಡು ತಂದ. ಅಡುಗೆಮನೆ, ಕಕ್ಕಸು, ಮಲಗುವ ಕೋಣೆ ಎಲ್ಲ ಇರುವ ಚಕ್ರದ ಮನೆ. ಇದು ಬಾಲಕ್ಕೆ ಕೊಂಡಿ ಹಾಕಿ ಎಳೆಯುವ ಜಾತಿಯದ್ದಲ್ಲ. ಇದರ ಕುತ್ತಿಗೆ ಪಿಕಪ್ಪಿನ ಹಿಂದೆ ಸಾಮಾನು ತುಂಬುವ ತೊಟ್ಟಿಯ ಒಳಗೇ ಚಾಚಿಕೊಂಡು, ಅಲ್ಲಿರುವ ದೊಡ್ಡ ಕೊಕ್ಕೆಯ ಮೇಲೆ ಕೂತುಬಿಡುತ್ತದೆ. ಇದಕ್ಕೆ ಫಿಫ್ತ್ ವೀಲ್ ಅನ್ನುತ್ತಾರೆ. ಮಲಗುವ ಕೋಣೆ ಆ ಕುತ್ತಿಗೆಯ ಭಾಗದಲ್ಲಿ, ಅಂದರೆ ಪಿಕಪ್ಪಿನ ಬೆನ್ನ ಮೇಲೇ ಇರುತ್ತದೆ. ಅಲ್ಲಿದ್ದ ತೆಳು ಹಾಸಿಗೆಯನ್ನು ಓರ್ಲೀನ್ ಹೊರಗೆಸೆದು, ತನ್ನ ಅಜ್ಜಿಯ ಕಬ್ಬಿಣದ ಮಂಚವನ್ನೂ ಅದರ ದಪ್ಪ ಹಾಸಿಗೆಯನ್ನೂ ಇಡಿಸಿದಳು. ಹೊತ್ತವರು ನಾಲ್ಕು ಜನ, ಅದರಲ್ಲಿ ನಾನೊಬ್ಬ. ನನ್ನ ಸೊಂಟಕ್ಕೆ ಆ ದಿನ ಇನ್ನೂ ನೆನಪಿದೆ.

"ಡಾಯ್ಲ್, ನಿನ್ನ ಪಿಕಪ್ಪು ಎಷ್ಟು ಹೊರುತ್ತೆ, ನೋಡಿದೀಯಾ?" ಎಂದು ನಾನು ಕೇಳಿದ್ದುಂಟು.

"ಒಂಬತ್ತು ಸಾವಿರ ಪೌಂಡ್ ಎಳೆಯುತ್ತೆ. ಪುಸ್ತಕದಲ್ಲೇ ಬರೆದಿದೆ."

"ಎಳೆಯೋದು ಬೇರೆ ಮಾರಾಯ, ಹೊರೋದು ಬೇರೆ. ಇದು ಬೆನ್ನ ಮೇಲೆ ಕೂರೋ ಗಾಡಿ."

"ಹೋಯ್ಟ್, ನೀನು ಪೀಚ್ ಹಣ್ಣು ಸಾಗಿಸಿದವನು," ಎಂದ ಡಾಯ್ಲ್, ನನ್ನ ಅಜ್ಞಾನವನ್ನು ಮನ್ನಿಸಿದವನಂತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಬಳಗದ ಶನಿವಾರಕ್ಕೆ ಮೂರು ದಿನ ಮೊದಲು, ಬುಧವಾರ ಸಂಜೆ, ಡಾಯ್ಲ್ ಮೊದಲ ಸಲ ಕ್ಯಾಂಪರನ್ನು ಪಿಕಪ್ಪಿಗೆ ಹೂಡಿದ. ಕ್ಯಾಂಪರಿನ ಕುತ್ತಿಗೆ ಕೊಕ್ಕೆಯ ಮೇಲೆ ಇಳಿಯಿತು. ಪಿಕಪ್ಪಿನ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಒಂದು ಸಲ ನರಳಿದವು. ಹಿಂಭಾಗ ಕುಸಿಯಿತು, ಕುಸಿಯಿತು, ಚಕ್ರದ ಮೇಲಿನ ತಗಡು ಚಕ್ರವನ್ನು ಮುಟ್ಟುವಷ್ಟು ಕುಸಿಯಿತು. ಮೂತಿ ನಿಧಾನವಾಗಿ ಮೇಲೆದ್ದು ನಮ್ಮ ವಿದ್ಯುತ್ ಕಂಬದ ತುದಿಯನ್ನು ನೋಡುತ್ತಾ ನಿಂತಿತು.

ಬುಧವಾರ ಚರ್ಚಿನಲ್ಲಿ ಎಲ್ಲರೂ ಸೇರಿ ಊಟ ಮಾಡುವ ಪದ್ಧತಿ. ಡಾಯ್ಲ್ ಇಡೀ ಮನೆಯನ್ನೇ ಎಳೆದುಕೊಂಡು ಊಟಕ್ಕೆ ಹೊರಟ. ಓಡಿಸಿ ಅಭ್ಯಾಸವೂ ಆಗುತ್ತದೆ, ನಾಲ್ಕು ಜನ ನೋಡಿದಂತೆಯೂ ಆಗುತ್ತದೆ. ಓರ್ಲೀನ್ ಮುಂದೆ ಕೂತಳು, ನಾನು ಹಿಂದಿನ ಸೀಟಿನಲ್ಲಿ. ಮೋಡ ಕವಿದಿದ್ದರಿಂದ ದೀಪ ಹಾಕಿದ್ದ. ದೀಪದ ಬೆಳಕು ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ, ಮರಗಳ ತಲೆ ಸವರಿಕೊಂಡು ಹೋಗಿ ಚರ್ಚಿನ ಗಂಟೆ ಗೋಪುರದ ಮೇಲೆ ಬಿತ್ತು. ಅಲ್ಲಿ ಮಲಗಿದ್ದ ಪಾರಿವಾಳಗಳೆಲ್ಲ ಬೆಳಗಾಯಿತೆಂದು ಎದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಪಡ್ಡೆ ಹುಡುಗರಿಗೆ ಒಂದು ಹುಚ್ಚು ಇತ್ತು. ಪಿಕಪ್ಪಿನ ಮುಂಭಾಗ ಎತ್ತಿಸಿ, ಹಿಂಭಾಗ ಇಳಿಸಿ, ಆಕಾಶ ನೋಡಿಕೊಂಡು ಓಡಿಸುವುದು. ಅದಕ್ಕೆ ಸ್ಕ್ವಾಟ್ ಎಂದು ಹೆಸರು. ಎದುರಿಗೆ ಅಡ್ಡ ಬಂದವರು ಅವರಿಗೆ ಕಾಣುತ್ತಿರಲಿಲ್ಲ, ಕಾಣಬೇಕೆಂಬ ಆಸೆಯೂ ಅವರಿಗಿರಲಿಲ್ಲ. ಕೊನೆಗೆ ಕಾನೂನು ಬಂತು: ಮೂತಿ ಬಾಲಕ್ಕಿಂತ ನಾಲ್ಕು ಇಂಚು ಮೇಲಿದ್ದರೆ ತಪ್ಪು. ಆ ಕಾನೂನು ಬರಲಿ ಎಂದು ನಮ್ಮ ಊರಿನಿಂದ ಒಂದು ಅರ್ಜಿ ಹೋಗಿತ್ತು. ಮನೆಮನೆಗೆ ಹೋಗಿ ಅದಕ್ಕೆ ಇನ್ನೂರ ಹನ್ನೊಂದು ಸಹಿ ಹಾಕಿಸಿದವನು, ಮೊದಲ ಸಹಿ ತಾನೇ ಹಾಕಿದವನು, ಡೀಕನ್ ಡಾಯ್ಲ್ ಪೊಟೀಟ್.

ಚರ್ಚಿನ ಅಂಗಳದಲ್ಲಿ ಮೊದಲು ನಮ್ಮನ್ನು ನೋಡಿದವನು ಕೇಡ್ ಸ್ವೈಗರ್ಟ್. ಇಪ್ಪತ್ತೆರಡರ ಯುವಕ. ಕಾನೂನು ಬಂದ ಮೇಲೆ ತನ್ನ ಪಿಕಪ್ಪಿನ ಮೂತಿ ಇಳಿಸಬೇಕಾಗಿ ಬಂದು, ಅಂದಿನಿಂದ ತಾನೂ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ. ಅವನು ಓಡಿ ಬಂದು ಡಾಯ್ಲ್‌ನ ಎರಡೂ ಕೈ ಹಿಡಿದುಕೊಂಡ.

"ಸರ್! ನೀವಾ? ಅದೂ ಮನೆ ಕಟ್ಕೊಂಡು? ಇಂಥ ಧೈರ್ಯ ನಮ್ಮ ಹುಡುಗರಲ್ಲಿ ಒಬ್ಬನಿಗೂ ಇಲ್ಲ ಸರ್!"

ಸುತ್ತ ಜನ ಸೇರಿದರು. ಹಿರಿಯರ ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬರು ಕೇಳಿದರು: "ಡಾಯ್ಲ್, ಹಿಂದುಗಡೆ ಭಾರ ಜಾಸ್ತಿ ಆಗಿ ಕುಸಿದಿದೆಯೇನಯ್ಯಾ?"

ಹೌದು ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ನಾವೆಲ್ಲ ಕೋಳಿ ತಿಂದು ಮನೆಗೆ ಹೋಗುತ್ತಿದ್ದೆವು. ಡಾಯ್ಲ್ ಬೆಲ್ಟು ಮೇಲಕ್ಕೆಳೆದುಕೊಂಡ.

"ಭಾರ? ಛೆ. ನಾನೇ ಹಾಗೆ ಮಾಡಿಸಿದ್ದು. ಬೇಕಂತಲೇ."

ಬಾಳೆಹಣ್ಣಿನ ಪುಡಿಂಗ್ ಬಡಿಸುವ ಹೊತ್ತಿಗೆ ಸುದ್ದಿ ಅಡುಗೆಮನೆಯನ್ನೂ ದಾಟಿ ಹಿಂದಿನ ಸ್ಮಶಾನದವರೆಗೆ ಮುಟ್ಟಿತ್ತು. ಪಾಸ್ಟರ್ ಲೀಥಮ್ ಊಟದ ನಂತರದ ಪ್ರಾರ್ಥನೆಗೆ ಎದ್ದು ನಿಂತು ಕಣ್ಣು ಮುಚ್ಚಿದರು.

"ಕರ್ತನೇ, ಯೌವನದ ಚಪಲ ಕೆಲವರಿಗೆ ತಡವಾಗಿ ಬರುತ್ತದೆ. ಅರವತ್ತೇಳನೇ ವಯಸ್ಸಿನಲ್ಲಿ ಬಂದರೂ ಅದು ಚಪಲವೇ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಅವರ ಗಾಡಿ ಹೊರಗೆ ಮೂರು ಜಾಗ ಹಿಡಿದು ನಿಂತಿದೆ, ನಿನಗೇ ಕಾಣುತ್ತಿದೆ. ಆಮೆನ್."

ಓರ್ಲೀನ್ ಕಣ್ಣು ಬಿಟ್ಟು ಗಂಡನನ್ನು ನೋಡಿದಳು. ಡಾಯ್ಲ್ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ.

ಮರಳಿ ಬರುವಾಗ ದಾರಿಯಲ್ಲೇ ಹಿಂದೆ ನೀಲಿ ದೀಪ ಮಿನುಗಿತು. ಡೆಪ್ಯುಟಿ ಬೌಕ್‌ನೈಟ್. ಮೂವತ್ತರ ಆಸುಪಾಸಿನ ಪೊಲೀಸು, ತುಂಬ ಮರ್ಯಾದಸ್ಥ, ನಗು ಎಂಬುದನ್ನು ಕಚೇರಿಯಲ್ಲೇ ಬಿಟ್ಟು ಬರುವವನು. ಟೇಪು ಹಿಡಿದು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದ.

"ಮಿಸ್ಟರ್ ಡಾಯ್ಲ್, ಒಂಬತ್ತು ಇಂಚು."

"ಇರ್ಬಹುದು."

"ಈ ಕಾನೂನು ಬೇಕು ಅಂತ ಹೋದ ಅರ್ಜಿಯ ನಕಲು ನನ್ನ ಮೇಜಿನ ಮೇಲಿದೆ. ಮೊದಲ ಸಹಿ ನಿಮ್ಮದು. ದಪ್ಪಕ್ಕೆ ಹಾಕಿದೀರಿ."

"ಹೌದು."

"ಇದು ಭಾರಕ್ಕೆ ಕುಸಿದಿದ್ದಾ, ಇಲ್ಲ ನೀವೇ ಮಾಡಿಸಿದ್ದಾ? ಒಂದು ಮಾತು ಹೇಳಿ, ಬರ್ಕೊಳ್ತೀನಿ."

ಹಿಂದೆ ಕೇಡ್ ಮತ್ತವನ ಮೂವರು ಗೆಳೆಯರು ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದರು. ಹಿರಿಯರ ಮಂಡಳಿಯ ಎರಡು ಕಾರುಗಳೂ ನಿಧಾನಿಸಿದ್ದವು. ಡಾಯ್ಲ್ ಒಮ್ಮೆ ಅವರ ಕಡೆ ನೋಡಿದ.

"ಮಾಡಿಸಿದ್ದು."

"ಬೇಕಂತಲೇ?"

"ಬೇಕಂತಲೇ."

ಡೆಪ್ಯುಟಿ ಬರೆದುಕೊಂಡ. ಅದೊಂದೇ ಪದದ ಕೆಳಗೆ ಎರಡು ಗೆರೆ ಎಳೆದ. "ಶುಕ್ರವಾರ ಹತ್ತು ಗಂಟೆಗೆ ಪಿಕಪ್ಪು ತಗೊಂಡು ಕಚೇರಿಗೆ ಬನ್ನಿ, ತಪಾಸಣೆ ಮಾಡ್ಬೇಕು. ಅದು ಸರಿ ಅಂತ ಕಾಣೋವರೆಗೂ ಈ ಕ್ಯಾಂಪರು ರಸ್ತೆಗೆ ಇಳಿಯಂಗಿಲ್ಲ. ಗುಡ್ ನೈಟ್ ಮಿಸ್ ಓರ್ಲೀನ್."

ಮನೆ ತಲುಪಿದೆವು. ಇಳಿಯುವಾಗ ಓರ್ಲೀನ್ ಅಂದಳು: "ಮರ್ಟಿಸ್‌ಗೆ ಫೋನ್ ಮಾಡಿ ಸೋಫಾ ಖಾಲಿ ಇಡೋಕೆ ಹೇಳ್ಲಾ?"

"ಬೇಡ! ಶನಿವಾರ ನೀನು ನಿನ್ನ ಹಾಸಿಗೆ ಮೇಲೇ ಮಲಗ್ತೀಯ," ಎಂದ ಡಾಯ್ಲ್. ಅವನ ದನಿಯಲ್ಲಿ ಮೊದಲ ಸಲ ಸ್ವಲ್ಪ ಭಯ ಕೇಳಿಸಿತು. ಪಾಪ ಅನ್ನಿಸಿತು.

ಗುರುವಾರ ಬೆಳಿಗ್ಗೆ ಅವನು ಗಾಳಿಚೀಲ ಕೊಂಡು ತಂದ. ಹಿಂದಿನ ಸ್ಪ್ರಿಂಗಿನ ಮೇಲೆ ಎರಡು ರಬ್ಬರ್ ಚೀಲ ಕೂರಿಸಿ ಗಾಳಿ ತುಂಬಿದರೆ ಬಾಲ ಏಳುತ್ತದೆ. ನಾನೇ ಕೂರಿಸಿ ಕೊಟ್ಟೆ. "ಇದು ಎತ್ತುತ್ತೆ ಕಣಯ್ಯ, ಹೊರಲ್ಲ. ಪಿಕಪ್ಪು ಹೊರೋ ಭಾರ ಇದರಿಂದ ಒಂದು ಪೌಂಡೂ ಜಾಸ್ತಿ ಆಗಲ್ಲ," ಎಂದೂ ಹೇಳಿದೆ. ಅವನಿಗೆ ಕೇಳಿಸಲಿಲ್ಲ, ಬಾಲ ಏಳುವುದನ್ನೇ ನೋಡುತ್ತಿದ್ದ. ನಿಜಕ್ಕೂ ಐದು ಇಂಚು ಎದ್ದಿತು. ಸಂತೋಷದಿಂದ ಕೈ ತೊಳೆಯಲು ಒಳಗೆ ಹೋದ.

ಅವನು ಒಳಗೆ ಹೋದದ್ದೇ ತಡ, ಓರ್ಲೀನ್ ಹಿಂಬಾಗಿಲಿನಿಂದ ಒಂದು ಪೆಟ್ಟಿಗೆ ಹೊತ್ತು ಬಂದಳು. ಮನೆಯಲ್ಲೇ ಸಕ್ಕರೆಪಾಕದಲ್ಲಿ ಹಾಕಿಟ್ಟ ಪೀಚ್ ಹಣ್ಣಿನ ಗಾಜಿನ ಜಾಡಿಗಳು. ಆಮೇಲೆ ಇನ್ನೊಂದು ಪೆಟ್ಟಿಗೆ. ಆಮೇಲೆ ಮೂರು ಕಬ್ಬಿಣದ ಬಾಣಲೆ. ಎಲ್ಲ ಹೋಗಿ ಮಂಚದ ಕೆಳಗೆ ಸೇರಿದವು.

"ಹೋಯ್ಟ್, ಡಾಯ್ಲ್‌ಗೆ ಹೇಳ್ಬೇಡ. ಬಾಲ ಎದ್ದಿದೆಯಲ್ಲ, ಇನ್ನು ಜಾಗ ಇದೆ," ಎಂದಳು.

ಅವಳು ಒಳಗೆ ಹೋದಳು, ಅವನು ಹೊರಗೆ ಬಂದ. ಅತ್ತಿತ್ತ ನೋಡಿ ಗರಾಜಿನ ಅರ್ಧ ಬಾಗಿಲ ಕೆಳಗೆ ನುಸುಳಿ ಒಂದು ಭಾರದ ಗೋಣಿಚೀಲ ಎಳೆದುಕೊಂಡು ಬಂದ. ಕ್ಯಾಂಪರಿನ ಕುತ್ತಿಗೆಯ ಕೆಳಗಿರುವ ಸಾಮಾನಿನ ಗೂಡಿಗೆ ಹಾಕಿ ಬೀಗ ಜಡಿದ. ಅಲ್ಲಿ ಆಗಲೇ ಅಂಥ ಬೇಕಾದಷ್ಟು ಚೀಲಗಳಿದ್ದವು.

"ಅದೇನೋ ಅದು?" ಎಂದೆ.

"ನನ್ನ ಮೀಟರುಗಳು. ಕೌಂಟಿಯವರು ಹೊಸದು ಹಾಕುವಾಗ ಹಳೇದನ್ನ ನನಗೇ ಕೊಟ್ರಲ್ಲ. ಇಪ್ಪತ್ತೊಂಬತ್ತು ಇದೆ, ಮೇಲಿನ ಎರಕದ ಮುಚ್ಚಳ ಸಮೇತ. ಮರ್ಟಿಸ್‌ನ ಗಂಡ ವರ್ಷವರ್ಷವೂ ಅವನ ದೋಣಿ ತೋರಿಸ್ತಾನೆ, ನಾವೆಲ್ಲ ಬಾಯಿ ಮುಚ್ಕೊಂಡು ನೋಡ್ತೀವಿ. ಈ ಸಲ ಹುಲ್ಲಿನ ಮೇಲೆ ಸಾಲಾಗಿ ಇಟ್ಟು ನಾನೂ ನಾಲ್ಕು ಮಾತು ಹೇಳೋಣ ಅಂತ. ಓರ್ಲೀನ್‌ಗೆ ಹೇಳ್ಬೇಡ ಆಯ್ತಾ?"

ನಾನು ಮರ್ಯಾದಸ್ಥ ಮನುಷ್ಯ. ಇಬ್ಬರಿಗೂ ಹೇಳಲಿಲ್ಲ. ಇಡೀ ಕೌಂಟಿಯಲ್ಲಿ ಪಿಕಪ್ಪಿನ ರೋಗ ಗೊತ್ತಿದ್ದ ಒಬ್ಬನೇ ಒಬ್ಬ ನಾನು, ನನಗೇ ಬಾಯಿಗೆ ಬೀಗ. ಡಾಯ್ಲ್ ಹಿಂದೆ ಸರಿದು ನೋಡಿದರೆ, ಎದ್ದಿದ್ದ ಬಾಲ ಮತ್ತೆ ಕೂತಿತ್ತು.

"ಗಾಳಿಚೀಲ ಸೋರ್ತಿದೆ!" ಎಂದು ಕೂಗಿದ. ಒಂದು ಗಂಟೆ ನಾವಿಬ್ಬರೂ ಗಾಡಿ ಕೆಳಗೆ ಮಲಗಿ ಚೀಲಕ್ಕೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಆ ಹೊತ್ತಿನಲ್ಲಿ ಓರ್ಲೀನ್ ಇನ್ನೊಂದು ಪೆಟ್ಟಿಗೆ ಹಾಕಿ ಹೋದಳು. ನನ್ನ ಮೂಗಿಗೂ ಪಿಕಪ್ಪಿಗೂ ನಡುವೆ ಇದ್ದ ಜಾಗ ಇನ್ನಷ್ಟು ಕಡಿಮೆಯಾದದ್ದರಿಂದ ನನಗದು ಗೊತ್ತಾಯಿತು.

ಶುಕ್ರವಾರ ಕಚೇರಿಗೆ ಪಿಕಪ್ಪು ಮಾತ್ರ ಹೋಗಬೇಕಿತ್ತು. ಕ್ಯಾಂಪರನ್ನು ಕಳಚಿ ಹೊರಟೆವು. ಬೆನ್ನ ಮೇಲಿನ ಭಾರ ಹೋಯಿತು, ಚೀಲದೊಳಗಿನ ಗಾಳಿ ಹೋಗಲಿಲ್ಲ, ಅದನ್ನು ಬಿಡುವ ಬುದ್ಧಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬಾಲ ಮೇಲೆದ್ದು ಮೂತಿ ಕೆಳಗಾಯಿತು. ಕಚೇರಿಯ ಮುಂದೆ ಡೆಪ್ಯುಟಿ ಬೌಕ್‌ನೈಟ್ ಪಿಕಪ್ಪನ್ನು ಎರಡು ಸುತ್ತು ಬಂದ.

"ಮೊನ್ನೆ ಆಕಾಶ ನೋಡ್ತಿತ್ತು. ಇವತ್ತು ನೆಲ ಮೂಸ್ತಿದೆ. ಮಿಸ್ಟರ್ ಡಾಯ್ಲ್, ಸ್ವಿಚ್ ಎಲ್ಲಿ?"

"ಯಾವ ಸ್ವಿಚ್?"

"ಏರಿಸೋದು, ಇಳಿಸೋದು. ಎಲ್ಲಿ ಮುಚ್ಚಿಟ್ಟಿದೀರಿ?"

ಡೆಪ್ಯುಟಿ ಸೀಟಿನ ಕೆಳಗೆ ಹುಡುಕಿದ, ಬೂದಿ ಡಬ್ಬಿ ಎಳೆದು ನೋಡಿದ, ರೇಡಿಯೊದ ಗುಂಡಿ ತಿರುಗಿಸಿದ. ರೇಡಿಯೊದಲ್ಲಿ ಹವಾಮಾನ ವರದಿ ಬಂತು. ಕೊನೆಗೆ ಕೆಳಗೆ ಬಗ್ಗಿ ನೋಡಿ, ಗಾಳಿಚೀಲದಿಂದ ಬಂದ ಸಣ್ಣ ಕೊಳವೆ ಹಿಡಿದು ಎದ್ದ. ಅವನ ಮುಖದಲ್ಲಿ ಹತ್ತು ವರ್ಷದ ನೌಕರಿಯ ಫಲ ಸಿಕ್ಕಿದ ಕಳೆ ಇತ್ತು.

"ಗಾಳಿ! ಪೊಲೀಸ್ ಕಂಡ್ರೆ ಬಾಲ ಏರಿಸೋದು, ಹೋದ ಮೇಲೆ ಇಳಿಸೋದು. ಮಿಸ್ಟರ್ ಡಾಯ್ಲ್, ನೀವು ನಮ್ಮ ಸಂಡೇ ಸ್ಕೂಲಲ್ಲಿ ನನಗೆ ಹತ್ತು ಆಜ್ಞೆ ಕಲಿಸಿದವರು."

ರಸ್ತೆಯಾಚೆ ಕೇಡ್ ಮತ್ತವನ ಗೆಳೆಯರು ಚಪ್ಪಾಳೆ ತಟ್ಟಿದರು. "ಸರ್, ಈ ವಿದ್ಯೆ ನಮಗೂ ಹೇಳ್ಕೊಡಿ ಸರ್!" ಎಂದು ಕೇಡ್ ಕೂಗಿದ.

ಆಗಲಾದರೂ ಡಾಯ್ಲ್ ಬಾಯಿಬಿಡಬಹುದಿತ್ತು. ನಾನು ಅವನ ಪಕ್ಕೆಗೆ ಮೊಣಕೈಯಿಂದ ತಿವಿದೆ. ಅವನು ಬೆಲ್ಟು ಎಳೆದುಕೊಂಡು, "ಎಲ್ಲ ನಾನು ಯೋಚನೆ ಮಾಡೇ ಮಾಡಿಸಿದ್ದು" ಎಂದ. ನಾನು ಸುಮ್ಮನೆ ಆಕಾಶ ನೋಡಿದೆ.

ಡೆಪ್ಯುಟಿ ತೀರ್ಪು ಕೊಟ್ಟ: "ಮೂರು ಗಂಟೆಗೆ ಕ್ಯಾಂಪರು ಹೂಡಿಕೊಂಡು ಪೀಚ್ ಶೆಡ್ಡಿನಲ್ಲಿ ಹಣ್ಣಿನ ಲಾರಿ ತೂಗೋ ಕಟ್ಟೆಗೆ ಬನ್ನಿ. ಮುಂದೆ ನಾನೇ ದೀಪ ಹಾಕ್ಕೊಂಡು ಹೋಗ್ತೀನಿ. ಭಾರವೋ ಚೇಷ್ಟೆಯೋ, ತಕ್ಕಡಿ ಹೇಳುತ್ತೆ. ಅಲ್ಲಿ ಸರಿ ಬರದಿದ್ರೆ ನಾಳೆ ಎಲ್ಲಿಗೂ ಹೋಗಂಗಿಲ್ಲ."

ಮೂರು ಗಂಟೆಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನೀಲಿ ದೀಪದ ಪೊಲೀಸು ಗಾಡಿ, ಅದರ ಹಿಂದೆ ಮೂತಿ ಎತ್ತಿದ ಪಿಕಪ್ಪು, ಅದರ ಬೆನ್ನ ಮೇಲೆ ಮನೆ, ಹಿಂದೆ ಕೇಡ್‌ನ ಗೆಳೆಯರ ಆರು ಪಿಕಪ್ಪುಗಳು ಹಾರ್ನ್ ಹೊಡೆಯುತ್ತಾ. ಡಾಯ್ಲ್‌ಗೆ ಬಂಧನವಾಗಿದೆ ಎಂದು ಅರ್ಧ ಊರು, ಡಾಯ್ಲ್ ಚುನಾವಣೆಗೆ ನಿಂತಿದ್ದಾನೆ ಎಂದು ಇನ್ನರ್ಧ ಊರು ಹಿಂದೆ ಬಂತು. ಪಾಸ್ಟರ್ ಲೀಥಮ್ ಬೈಬಲ್ ಹಿಡಿದುಕೊಂಡೇ ಬಂದರು. ಯಾರೋ ಬೇಯಿಸಿದ ಕಡಲೆಕಾಯಿ ಮಾರಲೂ ಶುರು ಮಾಡಿದ್ದರು.

ತೂಕದ ಕಿಟಕಿಯಲ್ಲಿ ಕೂತಿದ್ದ ಹೆಂಗಸು ತಲೆ ಎತ್ತದೆ, ಅಭ್ಯಾಸದಂತೆ, "ಯಾವ ತೋಟದ ಹಣ್ಣು?" ಎಂದಳು. ಡೆಪ್ಯುಟಿ ಪಿಕಪ್ಪಿನ ನಾಲ್ಕು ಚಕ್ರ ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಲು ಹೇಳಿ, ಅದರ ಬಾಗಿಲ ಅಂಚಿಗೆ ಅಂಟಿಸಿದ್ದ, ಹೊರುವ ಮಿತಿ ಬರೆದ ಚೀಟಿ ಓದಿ, ಕಿಟಕಿಯವಳು ಕೊಟ್ಟ ಕಾಗದದ ಜೊತೆ ಹೋಲಿಸಿದ. ಮತ್ತೊಮ್ಮೆ ಹೋಲಿಸಿದ.

"ಈ ಪಿಕಪ್ಪು ಹೊರಬೇಕಾದ್ದಕ್ಕಿಂತ ಎಂಟುನೂರ ಇಪ್ಪತ್ತು ಪೌಂಡ್ ಜಾಸ್ತಿ ಹೊತ್ತಿದೆ. ಇದು ಸ್ಕ್ವಾಟ್ ಅಲ್ಲ. ಬರೀ ಭಾರ." ಅವನ ದನಿಯಲ್ಲಿ ಸ್ವಲ್ಪ ನಿರಾಶೆ ಇತ್ತು. "ಮುಂದಿನ ಭಾಗದಲ್ಲಿ ಏನೋ ದೊಡ್ಡದಿದೆ. ಅದನ್ನ ಇಳಿಸದೆ ಬಿಡೋ ಹಾಗಿಲ್ಲ. ಏನಿದೆ ಅಲ್ಲಿ?"

ಮಂಚ ಹೊತ್ತ ನಾಲ್ವರೂ ಅಲ್ಲೇ ಇದ್ದೆವು. ನಾಲ್ವರೂ ನೆಲ ನೋಡಿದೆವು.

"ನನ್ನ ಹಾಸಿಗೆ," ಎಂದಳು ಓರ್ಲೀನ್.

ಕಡಲೆಕಾಯಿಯವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದ. ಓರ್ಲೀನ್ ಕ್ಯಾಂಪರಿನ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡಳು.

"ಇಳಿಸಿಬಿಡಿ ಅದನ್ನ. ಮೂವತ್ತೊಂದು ವರ್ಷ ಆ ಸೋಫಾ ಮೇಲೆ ಮಲಗಿದೀನಿ, ಮೂವತ್ತೆರಡಾದ್ರೆ ಏನಾಯ್ತು? ಡಾಯ್ಲ್ ಇಷ್ಟು ಮಾಡಿದ್ದೇ ಸಾಕು."

ನಾನು ಡಾಯ್ಲ್ ಕಡೆ ನೋಡಿದೆ. ಅವನ ಕೈ ಬೆಲ್ಟಿನ ಹತ್ತಿರ ಹೋಯಿತು, ಎಳೆಯಲಿಲ್ಲ. ಎದುರಿಗೆ ಕೇಡ್ ಬಾಯಿ ತೆರೆದುಕೊಂಡು ನಿಂತಿದ್ದ, ಹಿರಿಯರ ಮಂಡಳಿ ಸಾಲಾಗಿ ನಿಂತಿತ್ತು, ಇಡೀ ಊರು ನಿಂತಿತ್ತು. ಡಾಯ್ಲ್ ನಿಧಾನವಾಗಿ ಹೋಗಿ ಕುತ್ತಿಗೆಯ ಕೆಳಗಿನ ಗೂಡಿನ ಬೀಗ ತೆಗೆದು, ಒಂದು ಗೋಣಿಚೀಲ ಎಳೆದು ಸಿಮೆಂಟಿನ ಮೇಲೆ ಬಿಟ್ಟ. ಠಣ್ಣೆಂದಿತು.

"ಹಾಸಿಗೆ ಇರಲಿ. ಇದನ್ನ ಇಳಿಸಿ. ನೀರಿನ ಮೀಟರು, ಇಪ್ಪತ್ತೊಂಬತ್ತು. ಒಂದೊಂದೂ ಇಪ್ಪತ್ತೈದು ಪೌಂಡ್." ಅವನು ಡೆಪ್ಯುಟಿಯ ಕಡೆ ತಿರುಗಿದ. "ಬರ್ಕೊಳಯ್ಯ. ನಾನು ಏನೂ ಮಾಡಿಸಿಲ್ಲ. ಸ್ವಿಚ್ಚೂ ಇಲ್ಲ, ಚೇಷ್ಟೆಯೂ ಇಲ್ಲ. ಎಳೆಯೋದು ಬೇರೆ, ಹೊರೋದು ಬೇರೆ ಅಂತ ಹೋಯ್ಟ್ ಹೇಳಿದ್ದ, ನಾನು ಕೇಳ್ಲಿಲ್ಲ. ಗೊತ್ತಿಲ್ದೆ ಆಯ್ತು. ತಪ್ಪು ನಂದು."

ಮೂವತ್ತು ವರ್ಷ ಪಕ್ಕದ ಮನೆಯಲ್ಲಿದ್ದು ನಾನು ಆ ಮಾತು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಪಾಸ್ಟರ್ ಲೀಥಮ್ ಟೋಪಿ ತೆಗೆದರು.

ಓರ್ಲೀನ್ ಎದ್ದು ನಿಂತಳು. "ಮಂಚದ ಕೆಳಗೆ ನಲವತ್ತೆಂಟು ಜಾಡಿ ಪೀಚ್ ಇದೆ," ಎಂದಳು ಮೆಲ್ಲಗೆ. "ಬಾಣಲೇನೂ ಇದೆ. ತಪ್ಪು ನಂದೂ ಇದೆ."

"ನಲವತ್ತೆಂಟಾ?" ಎಂದ ಡಾಯ್ಲ್.

"ಇಪ್ಪತ್ತೊಂಬತ್ತಾ?" ಎಂದಳು ಓರ್ಲೀನ್.

ಇಬ್ಬರೂ ಒಮ್ಮೆಲೇ ತಿರುಗಿ ನನ್ನನ್ನು ನೋಡಿದರು. ನಾನು ಕಡಲೆಕಾಯಿ ಕೊಳ್ಳಲು ಹೋದೆ.

ಜಾಡಿಗಳನ್ನು ಕ್ಯಾಂಪರಿನ ಹಿಂಬದಿಯ ಅಡುಗೆಮನೆಗೆ ಸಾಗಿಸಿದೆವು, ಅಲ್ಲಿಟ್ಟರೆ ಪಿಕಪ್ಪಿನ ಬೆನ್ನಿಗೆ ಭಾರವಿಲ್ಲ. ಮೀಟರುಗಳು ಕಟ್ಟೆಯ ಪಕ್ಕದಲ್ಲಿ ಸಾಲಾಗಿ ಕೂತವು. ಇಪ್ಪತ್ತೊಂಬತ್ತನ್ನೂ ಗುಜರಿಗೆ ಹಾಕುವುದೇ ಎಂದು ಯಾರೋ ಕೇಳಿದರು. ಡಾಯ್ಲ್ ಒಂದನ್ನು ಎತ್ತಿ ಅದರ ಮೇಲಿನ ತಗಡಿನ ಸಂಖ್ಯೆ ಓದಿದ.

"ಪಾಸ್ಟರ್, ಇದು ನಿಮ್ಮ ಮನೇದು. ತೊಂಬತ್ತನಾಲ್ಕರಲ್ಲಿ ನಿಮ್ಮ ಬಚ್ಚಲಿನ ನಲ್ಲಿ ಮೂರು ತಿಂಗಳು ಸೋರ್ತಿತ್ತು. ನಾನೇ ಬಂದು ವಾಷರ್ ಹಾಕ್ದೆ. ನೀವು ಭಾನುವಾರ ಪ್ರಾರ್ಥನೆಯಿಂದ ನಿಂತಿತು ಅಂದ್ರಿ."

ಜನ ನಕ್ಕರು. ಪಾಸ್ಟರ್ ಕೆಂಪಾದರು, ಆಮೇಲೆ ಅವರೂ ನಕ್ಕು ಆ ಮೀಟರನ್ನು ಮಗುವಿನಂತೆ ಎತ್ತಿಕೊಂಡರು. ಅಷ್ಟೇ ಸಾಕಾಯಿತು. ನಮ್ಮನೇದು ಯಾವುದು, ನಮ್ಮನೇದು ಯಾವುದು ಎಂದು ಜನ ಮುತ್ತಿಕೊಂಡರು. ಡಾಯ್ಲ್ ಒಂದೊಂದನ್ನೂ ಎತ್ತಿ, ಸಂಖ್ಯೆ ಓದಿ, ಆ ಮನೆಯ ಕಥೆ ಹೇಳಿ ಕೊಟ್ಟ. ಸರೋವರದ ಹುಲ್ಲಿನ ಮೇಲೆ ಹೇಳಬೇಕೆಂದಿದ್ದ ಮಾತನ್ನೆಲ್ಲ ಪೀಚ್ ಶೆಡ್ಡಿನ ಸಿಮೆಂಟಿನ ಮೇಲೆ ಹೇಳಿದ. ಮರ್ಟಿಸ್‌ನ ಗಂಡನ ದೋಣಿಗೆ ಒಮ್ಮೆಯೂ ಅಷ್ಟು ಜನ ಸೇರಿರಲಾರರು.

"ಇದು ನಿಮ್ಮ ಅಜ್ಜಿ ಮನೇದು," ಎಂದು ಒಂದನ್ನು ಡೆಪ್ಯುಟಿಗೆ ಕೊಟ್ಟ. "ನಾನು ಬಂದಾಗಲೆಲ್ಲ ನಿನ್ನನ್ನ ಅದರ ಮುಚ್ಚಳದ ಮೇಲೆ ಕೂರ್ಸಿ ಜೋಳದ ರೊಟ್ಟಿ ತಿನ್ನಿಸ್ತಿದ್ರು. ನೀನು ಏಳ್ತಿರ್ಲಿಲ್ಲ. ಆಗಿಂದ್ಲೂ ಹಿಡಿದದ್ದು ಬಿಡೋನಲ್ಲ ನೀನು."

ಡೆಪ್ಯುಟಿ ಬೌಕ್‌ನೈಟ್ ಮೀಟರನ್ನು ತಿರುಗಿಸಿ ತಿರುಗಿಸಿ ನೋಡಿದ. ಪುಸ್ತಕ ತೆಗೆದು, "'ಬೇಕಂತಲೇ' ಅಂತ ಬರೆದಿದೀನಿ. ಹೊಡೆದು ಹಾಕ್ಲಾ ಮಿಸ್ಟರ್ ಡಾಯ್ಲ್?" ಎಂದ.

"ಹೊಡೆದು ಹಾಕಪ್ಪ."

ಕೇಡ್ ಹತ್ತಿರ ಬಂದ. "ಹಾಗಾದ್ರೆ ನಿಜಕ್ಕೂ ಸ್ವಿಚ್ ಇಲ್ವಾ ಸರ್?"

"ಇಲ್ಲ ಕಣಯ್ಯ. ತಗೋ, ಇದು ನಿಮ್ಮಪ್ಪನ ಮನೇದು."

ಕೊನೆಗೆ ಒಂದೇ ಒಂದು ಮೀಟರು ಉಳಿಯಿತು. ಡಾಯ್ಲ್ ಅದರ ಸಂಖ್ಯೆ ಓದಲಿಲ್ಲ, ಓರ್ಲೀನಳ ಕೈಗೆ ಕೊಟ್ಟ. ಅದು ಅವಳ ತಂದೆಯ ಮನೆಯ ಅಂಗಳದಲ್ಲಿದ್ದದ್ದು. ನೌಕರಿಗೆ ಸೇರಿದ ಮೊದಲ ವಾರ ಅದನ್ನು ಓದಲು ಬಗ್ಗಿದ್ದವನಿಗೆ, ಬಿಸಿಲು ಜೋರಿದೆ ಎಂದು ಒಂದು ಲೋಟ ಐಸು ಹಾಕಿದ 'ಸ್ವೀಟ್ ಟೀ' ತಂದುಕೊಟ್ಟವಳು ಓರ್ಲೀನ್. ಆ ತಿಂಗಳು ಅವನು ಅದೇ ಮೀಟರನ್ನು ಒಂಬತ್ತು ಸಲ ಓದಿದ್ದ.

"ಇದೊಂದು ಹೋಗ್ಬಹುದಾ?" ಎಂದು ಅವಳು ಡೆಪ್ಯುಟಿಯನ್ನು ಕೇಳಿದಳು. ಪಿಕಪ್ಪು ಮತ್ತೆ ಕಟ್ಟೆ ಏರಿತು. ಮೂತಿ ಇಳಿದಿತ್ತು, ಬಾಲ ಎದ್ದಿತ್ತು, ಅದು ಎದುರಿನ ರಸ್ತೆಯನ್ನೇ ನೋಡುತ್ತಿತ್ತು. ಕಿಟಕಿಯವಳು ಕಾಗದ ಕೊಟ್ಟಳು. ಡೆಪ್ಯುಟಿ ನೋಡಿ ತಲೆಯಾಡಿಸಿದ. ಅವನು ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ, ಸಾಕ್ಷಿಗೆ ಕಡಲೆಕಾಯಿಯವನಿದ್ದಾನೆ.

ಶನಿವಾರ ನಾವು ಸರೋವರ ತಲುಪಿದೆವು. ಡಾಯ್ಲ್ ನನ್ನನ್ನೂ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದ, ದಾರಿಯಲ್ಲಿ ಏನಾದರೂ ಆದರೆ ಅವನ ಮಾತು ಕೇಳಲು ಒಬ್ಬರು ಬೇಕಲ್ಲ. ಮರ್ಟಿಸ್‌ನ ಅಂಗಳದಲ್ಲಿ ಕ್ಯಾಂಪರು ನಿಲ್ಲಿಸಿ, ಅದರ ಮೂತಿ ಹೊರುವ ಮುಂದಿನ ಕಾಲುಗಳನ್ನು ತಿರುಗಿಸಿ ನೆಲಕ್ಕೆ ಊರಿ, ಕೊಕ್ಕೆ ಕಳಚಿದ. ಉತ್ಸಾಹದಲ್ಲಿ ಆ ಕಾಲುಗಳನ್ನು ಹತ್ತು ಸುತ್ತು ಹೆಚ್ಚಿಗೆ ತಿರುಗಿಸಿದ. ನಾನು ನೋಡಿಯೂ ಸುಮ್ಮನಿದ್ದೆ. ಆ ರಾತ್ರಿ ಓರ್ಲೀನ್ ತನ್ನ ಅಜ್ಜಿಯ ಮಂಚದ ಮೇಲೆ ಮಲಗಿದಳು. ಖಾಲಿಯಾದ ಸೋಫಾ ನನಗೆ ಸಿಕ್ಕಿತು.

ಬೆಳಿಗ್ಗೆ ಒಂಬತ್ತೂವರೆಯಾದರೂ ಕ್ಯಾಂಪರಿನ ಬಾಗಿಲು ತೆರೆಯಲಿಲ್ಲ. ಮೂವತ್ತೊಂದು ವರ್ಷ ಐದು ಗಂಟೆಗೇ ಎದ್ದು ಇಡೀ ಬಳಗದ ತಿಂಡಿಗೆ ಬಿಸ್ಕತ್ತು, ಅಂದರೆ ನಮ್ಮ ಕಡೆಯ ಮೆತ್ತನೆ ಬನ್ನು, ಬೇಯಿಸಿದವಳು ಅವಳೇ. ಇಪ್ಪತ್ತಾರು ಜನ ಖಾಲಿ ತಟ್ಟೆ ಹಿಡಿದು ಹುಲ್ಲಿನ ಮೇಲೆ ನಿಂತಿದ್ದರು. ಡಾಯ್ಲ್ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಯಾರಾದರೂ ಹತ್ತಿರ ಬಂದರೆ ಬೆರಳು ತುಟಿಗೆ ಇಡುತ್ತಿದ್ದ. ನಾನು ಎಡಕ್ಕೆ ವಾಲಿಕೊಂಡು ಒಂದು ಮರ ಹಿಡಿದು ನಿಂತಿದ್ದೆ.

ಮರ್ಟಿಸ್ ಬಂದು ಸೊಂಟದ ಮೇಲೆ ಕೈಯಿಟ್ಟು ಕ್ಯಾಂಪರನ್ನು ನೋಡಿದಳು. ಮುಂದಿನಿಂದ ನೋಡಿದಳು, ಪಕ್ಕದಿಂದ ನೋಡಿದಳು, ತಲೆ ಓರೆ ಮಾಡಿ ನೋಡಿದಳು.

"ಡಾಯ್ಲ್, ನಿನ್ನ ಮನೆ ಮೂತಿ ಮೇಲಕ್ಕೆ ಎತ್ತಿದೆಯಲ್ಲೋ! ನೆಟ್ಟಗೆ ನಿಲ್ಸೋಕೂ ಬರಲಿಲ್ವಾ ನಿನಗೆ?"

ಇಪ್ಪತ್ತಾರು ಜನ ಡಾಯ್ಲ್ ಕಡೆ ತಿರುಗಿದರು. ಅವನ ಕೈ ಬೆಲ್ಟಿಗೆ ಹೋಯಿತು. ಬಾಯಿ ತೆರೆಯಿತು. ಆಮೇಲೆ ಪಾಪ, ಏನು ನೆನಪಾಯಿತೋ, ಮುಚ್ಚಿತು.

ಅಷ್ಟರಲ್ಲಿ ಅವನ ತಲೆಯ ಮೇಲಿನ ಕಿಟಕಿ ತೆರೆಯಿತು. ಓರ್ಲೀನ್ ಕೂದಲು ಕೆದರಿದ, ಕೆನ್ನೆಯಲ್ಲಿ ದಿಂಬಿನ ಗೆರೆ ಮೂಡಿದ, ಒಳ್ಳೆಯ ನಿದ್ದೆಯಿಂದ ಊದಿಕೊಂಡ ಮುಖ ಹೊರಗೆ ಹಾಕಿದಳು.

"ಬೇಕಂತಲೇ ಹಾಗೆ ಮಾಡಿಸಿದ್ದು ಕಣೇ ಮರ್ಟಿಸ್," ಎಂದಳು. "ನನಗೆ ತಲೆ ಎತ್ತರಕ್ಕಿದ್ರೇ ನಿದ್ದೆ ಬರೋದು."

ಕಿಟಕಿ ಮುಚ್ಚಿಕೊಂಡಿತು. ಡಾಯ್ಲ್ ಬೆರಳನ್ನು ಮತ್ತೆ ತುಟಿಗಿಟ್ಟ.